ಮಳೆಯಲ್ಲೊಂದು ಛತ್ರಿ

ಮಕ್ಕಳೇ, ಹೋದ ತಿಂಗಳು ನನ್ನ ಸೊಸೆ ಹೊಸಪೇಟೆಯಲ್ಲಿ ಆಸ್ಪತ್ರೆ ಸೇರಿದ್ದಳು. ಮಗ ಅವಳ ಜೊತೆಗಿದ್ದ. ಕೊಟ್ಟೂರಿನ ಮನೆಯಲ್ಲಿ ನಾನು, ಮೊಮ್ಮಗಳು ಇಬ್ಬರೇ. ಅವಳು ಸರಿಯಾಗಿ ಉಣ್ಣುತ್ತಿರಲಿಲ್ಲ.

ಒಂದು ಸಂಜೆ ಮೊಬೈಲ್ ಹಿಡಿದು, "ತಾತಾ, ನೀನೂ ನೋಡು ಬಾ" ಎಂದಳು. ಅದು ಜಪಾನಿನ 'ಮೈ ನೇಬರ್ ಟೊಟೊರೊ'. 1988ರಲ್ಲಿ ಹಯಾವೊ ಮಿಯಾಝಾಕಿ ನಿರ್ದೇಶಿಸಿದ, ಕೈಯಿಂದಲೇ ಬಿಡಿಸಿದ ಸಿನಿಮಾ. ಅಲ್ಲೂ ತಾಯಿ ಆಸ್ಪತ್ರೆಯಲ್ಲಿ! ಅಕ್ಕ ತಂಗಿ ಮಳೆಯಲ್ಲಿ ಅಪ್ಪನ ಬಸ್ಸಿಗೆ ಕಾಯುವಾಗ, ಕರ್ಪೂರದ ಮರದಲ್ಲಿರುವ ದೊಡ್ಡ ಟೊಟೊರೊ ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಅಪ್ಪನಿಗೆಂದು ತಂದ ಛತ್ರಿಯನ್ನು ಅಕ್ಕ ಅದಕ್ಕೆ ಕೊಡುತ್ತಾಳೆ. ಖಳನಿಲ್ಲ, ಹೊಡೆದಾಟವಿಲ್ಲ.

ಕೊನೆಗೆ ಹೆಸರುಗಳು ಬರುವಾಗ ನಾನು ಏಳಹೋದೆ. ಮೊಮ್ಮಗಳು ಕೈ ಹಿಡಿದು ಕೂರಿಸಿದಳು. ತಾಯಿ ಮನೆಗೆ ಬರುವುದು ಆ ಕೊನೆಯ ಚಿತ್ರಗಳಲ್ಲೇ! ಅದನ್ನು ನೋಡಿ, "ತಾತಾ, ಹಸಿವಾಗೈತಿ" ಎಂದಳು.

ಅಜ್ಜ ಅಜ್ಜಿಯರೇ, ಮೊಬೈಲ್ ಕಿತ್ತುಕೊಳ್ಳುವ ಮುನ್ನ ಒಮ್ಮೆ ಪಕ್ಕದಲ್ಲಿ ಕುಳಿತು ನೋಡಿ.