ಊಟ ಅವರದು, ವೇದಿಕೆ ಯಾರದು?

ಪುಣೆಯಲ್ಲಿ ನಾವು ಕೆಲವರು ಸೇರಿ ವರ್ಷಕ್ಕೊಮ್ಮೆ ಓಪನ್ ಸೋರ್ಸ್ ಸಮಾವೇಶ ನಡೆಸುತ್ತೇವೆ. ಒಂದೇ ದಿನ, ಒಂದು ಕಾಲೇಜಿನ ಸಭಾಂಗಣ, ಇನ್ನೂರು ಜನ. ಸಾಫ್ಟ್‌ವೇರಿನ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿರಬೇಕು, ಬೇಕಾದವರು ತಿದ್ದಿಕೊಳ್ಳುವಂತಿರಬೇಕು ಎನ್ನುವವರ ಕೂಟ. ಈ ಸಲದ ತಯಾರಿ ಸಭೆಯಲ್ಲಿ ಚಹಾ ಆರಿಹೋಗುವಷ್ಟು ಹೊತ್ತು ಜಗಳವಾಯಿತು. ಒಂದು ದೊಡ್ಡ ಕಂಪನಿ ಪ್ರಾಯೋಜಕತ್ವಕ್ಕೆ ಮುಂದೆ ಬಂದಿತ್ತು. ಎಲ್ಲರ ಊಟದ ಖರ್ಚು ಅವರದು. ಪ್ರತಿಯಾಗಿ ಬಾಗಿಲ ಬಳಿ ಮಳಿಗೆ, ಬೆಳಗಿನ ಮೊದಲ ಭಾಷಣ. ಅವರು ಮಾರುವ ಸಾಫ್ಟ್‌ವೇರಿನ ಕೋಡ್ ಮಾತ್ರ ಹೊರಗಿನವರು ಯಾರೂ ಕಂಡದ್ದಿಲ್ಲ.

"ಹ್ಯಾಂಚಂ ಇಥೇ ಕಾಯ್ ಕಾಮ್?" ಎಂದ ಒಬ್ಬ ಕಾಲೇಜು ಹುಡುಗ. ಇವರಿಗೆ ಇಲ್ಲೇನು ಕೆಲಸ? ನಾನು ಬಾಯಿ ಬಿಡಲಿಲ್ಲ. ನನಗೆ ಸಂಬಳ ಕೊಡುವುದೂ ಅಂಥದೇ ಒಂದು ಕಂಪನಿ.

ಹೊರನಾಡಿನ ಕನ್ನಡ ಸಂಘಗಳಲ್ಲಿ ಓಡಾಡಿದ ನಿಮಗೆ ಈ ಪ್ರಶ್ನೆ ಹೊಸದಲ್ಲ. ರಾಜ್ಯೋತ್ಸವಕ್ಕೆ ಬಿಲ್ಡರ್ ಒಬ್ಬರು ದುಡ್ಡು ಕೊಡುತ್ತಾರೆ. ಬಿಸಿಬೇಳೆ ಬಾತು ಚೆನ್ನಾಗಿಯೇ ಇರುತ್ತದೆ. ಆದರೆ ಕುರ್ಚಿ ಕುರ್ಚಿಯ ಮೇಲೂ ಫ್ಲಾಟಿನ ಕರಪತ್ರ. ಕೋಲಾಟದ ಮಕ್ಕಳು ಬಣ್ಣ ಹಚ್ಚಿಕೊಂಡು ತೂಕಡಿಸುತ್ತಿರುವಾಗ ಅವರ ನಲವತ್ತು ನಿಮಿಷದ ಭಾಷಣ.

ಹುಡುಗನ ಸಿಟ್ಟಿಗೆ ಕಾರಣವಿಲ್ಲದಿಲ್ಲ. 2001ರಲ್ಲಿ ಮೈಕ್ರೋಸಾಫ್ಟಿನ ಆಗಿನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದ್ದರು. ಮರುವರ್ಷವೇ ಸ್ಯಾನ್ ಫ್ರಾನ್ಸಿಸ್ಕೋದ ಲಿನಕ್ಸ್‌ವರ್ಲ್ಡ್ ಮೇಳದಲ್ಲಿ ಅದೇ ಕಂಪನಿಯ ಮಳಿಗೆ! 2009ರ ಜುಲೈಯಲ್ಲಿ ಲಿನಕ್ಸಿಗೆ ಸುಮಾರು 20,000 ಸಾಲು ಕೋಡ್ ಕೊಟ್ಟಾಗ ಜನ ಕಣ್ಣುಜ್ಜಿಕೊಂಡು ನೋಡಿದರು. ತಮ್ಮ ಹೈಪರ್-ವಿ ಮೇಲೆ ಲಿನಕ್ಸ್ ಚೆನ್ನಾಗಿ ಓಡಲಿ ಎಂಬ ಸ್ವಾರ್ಥ ಅದರಲ್ಲಿತ್ತು. ಅಲ್ಲದೆ, ಆ ಡ್ರೈವರಿನಲ್ಲಿ ಜಿಪಿಎಲ್ ಪರವಾನಗಿಯ ಭಾಗಗಳನ್ನು ಮುಚ್ಚಿಟ್ಟ ಕೋಡಿನ ಜತೆ ಬೆಸೆದಿದ್ದನ್ನು ಬೇರೊಂದು ಕಂಪನಿಯ ಇಂಜಿನಿಯರ್ ಮೊದಲೇ ಪತ್ತೆ ಹಚ್ಚಿದ್ದರು. ಅದಕ್ಕಾಗಿ ಕೊಟ್ಟದ್ದಲ್ಲ ಎಂದಿತು ಮೈಕ್ರೋಸಾಫ್ಟ್.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2011ರಲ್ಲಿ ಲಿನಕ್ಸ್ 3.0 ಬಂದಾಗ ಅದಕ್ಕೆ ಅತಿ ಹೆಚ್ಚು ಬದಲಾವಣೆಗಳನ್ನು ಸಲ್ಲಿಸಿದ ವ್ಯಕ್ತಿ ಮೈಕ್ರೋಸಾಫ್ಟಿನ ಕೆ. ವೈ. ಶ್ರೀನಿವಾಸನ್. ತಮ್ಮದೇ ಡ್ರೈವರನ್ನು ತಿದ್ದುವ ಕೆಲಸ, ನಿಜ. ಆದರೂ ಎಲ್ಲರೆದುರು, ಎಲ್ಲರ ತಕರಾರು ಕೇಳಿಕೊಂಡು ಮಾಡಿದ್ದು. 2016ರಲ್ಲಿ ಕಂಪನಿ ಲಿನಕ್ಸ್ ಫೌಂಡೇಶನ್ನಿನ ಸದಸ್ಯನಾಯಿತು. 2018ರಲ್ಲಿ 750 ಕೋಟಿ ಡಾಲರಿಗೆ ಗಿಟ್‌ಹಬ್ಬನ್ನೇ ಕೊಂಡಿತು. ಪ್ರಪಂಚದ ಓಪನ್ ಸೋರ್ಸ್ ಕೋಡಿನ ದೊಡ್ಡ ಪಾಲು ಇರುವುದು ಅಲ್ಲಿ, ಆದರೆ ಗಿಟ್‌ಹಬ್ಬಿನ ಸ್ವಂತ ಕೋಡ್ ಮುಚ್ಚಿದ್ದೇ. ಜಗಳವಾಡಿದ ಹುಡುಗನ ಟೀ ಶರ್ಟಿನ ಮೇಲೂ ಗಿಟ್‌ಹಬ್ಬಿನ ಬೆಕ್ಕಿತ್ತು. ನಾನು ಹೇಳಲು ಹೋಗಲಿಲ್ಲ.

ಹಾಗಾಗಿ ಅವರು ಬರಲೇಬಾರದು ಎನ್ನುವುದು ನನಗೆ ಒಪ್ಪಿಗೆಯಲ್ಲ. ಬಾಗಿಲು ಹಾಕಿಕೊಂಡರೆ ಶ್ರೀನಿವಾಸನ್ ಅಂಥವರೂ ಹೊರಗೇ ಉಳಿಯುತ್ತಾರೆ, ನಾನೂ ಉಳಿಯುತ್ತೇನೆ. ನನ್ನ ಹೆದರಿಕೆ ಬೇರೆ. ಅದು ಅವರದ್ದಲ್ಲ, ನಮ್ಮದು.

ಮೂರು ವರ್ಷದ ಹಿಂದೆ ದಾಖಲೆ ತಯಾರಿಸುವ ಸಾಫ್ಟ್‌ವೇರ್ ಮಾರುವ ಕಂಪನಿಯೊಂದು ನಮ್ಮ ಪ್ರಾಯೋಜಕರಾಗಿತ್ತು. ಅದೇ ವರ್ಷ ಹುಬ್ಬಳ್ಳಿಯಿಂದ ಒಬ್ಬ ಹುಡುಗಿ ಹಳೆಯ ಕನ್ನಡ ಫೈಲುಗಳ ಬಗ್ಗೆ ಮಾತಾಡಲು ಬಂದಿದ್ದಳು. ಯೂನಿಕೋಡ್ ಬರುವ ಮುಂಚೆ ಟೈಪಿಸಿದ ಕನ್ನಡ ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ, ಇಂಗ್ಲಿಷ್ ಅಕ್ಷರಗಳಿಗೆ ತೊಡಿಸಿದ ಕನ್ನಡದ ಅಂಗಿ. ಆ ಫಾಂಟ್ ಹೋದರೆ ಉಳಿಯುವುದು ಕಸ. ಫಾಂಟ್ ಸಿಕ್ಕರೂ ಫೈಲು ತೆರೆಯಲು ಹಳೆಯ ಸಾಫ್ಟ್‌ವೇರೇ ಬೇಕು. ಅಂಥದನ್ನು ಯೂನಿಕೋಡಿಗೆ ತರುವ ಪುಟ್ಟ ಪ್ರೋಗ್ರಾಂ ಬರೆದಿದ್ದಳು. ಬರವಣಿಗೆಯನ್ನು ಬೇರೆಯವರ ಬೀಗದೊಳಗೆ ಇಡಬೇಡಿ ಎಂಬುದೇ ಅವಳ ಮಾತಿನ ಸಾರ.

ಪ್ರಾಯೋಜಕರು ಏನೂ ಹೇಳಲಿಲ್ಲ. ನಾನೇ, ಯಾರೂ ಕೇಳದೆ, ಆ ಭಾಷಣವನ್ನು ಬೆಳಗಿನಿಂದ ತೆಗೆದು ಸಂಜೆ ನಾಲ್ಕಕ್ಕೆ ಮಹಡಿಯ ಚಿಕ್ಕ ಕೋಣೆಗೆ ಹಾಕಿದೆ. ಹನ್ನೊಂದು ಜನ ಕೂತಿದ್ದರು.

ಮುಂಬಯಿಯ ಮಾಟುಂಗದಿಂದ ಹಿರಿಯರೊಬ್ಬರು ಬಂದಿದ್ದರು. ಅವರ ಸಂಘದ ಇಪ್ಪತ್ತು ವರ್ಷದ ಸ್ಮರಣ ಸಂಚಿಕೆಗಳು ಸಿಡಿಯಲ್ಲಿವೆ, ಯಾವುದೂ ಓದಲು ಬರುತ್ತಿಲ್ಲ. ಬೆಳಗಿನಿಂದ ದೊಡ್ಡ ಸಭಾಂಗಣದಲ್ಲೇ ಕೂತಿದ್ದರು ಪಾಪ. ಐದೂವರೆಗೆ ನನ್ನ ಬಳಿ ಬಂದು, "ಆ ಹುಡುಗಿಯ ಮಾತು ಯಾವಾಗ, ಮಾರಾಯ್ರೇ?" ಎಂದು ಕೇಳಿದರು. ಅಷ್ಟರಲ್ಲಿ ಅವಳು ಹುಬ್ಬಳ್ಳಿ ಬಸ್ಸಿಗೆ ಹೊರಟಾಗಿತ್ತು.

ಮೊನ್ನೆ ಆರಿದ ಚಹಾದ ಮುಂದೆ ಕೊನೆಗೂ ಇದನ್ನು ಹೇಳಿದೆ. ಹುಡುಗ ಸುಮ್ಮನಾದ. ಕಂಪನಿಗೆ ಪತ್ರ ಬರೆದೆವು: ಬನ್ನಿ, ಎಲ್ಲರಿಗೂ ಕೊಡುವಷ್ಟೇ ದೊಡ್ಡ ಮೇಜು ಕೊಡುತ್ತೇವೆ. ನಿಮ್ಮ ಇಂಜಿನಿಯರ್ ಮಾತಾಡಬೇಕಿದ್ದರೆ ಉಳಿದವರಂತೆ ಅರ್ಜಿ ಹಾಕಲಿ, ತೆರೆದ ಕೋಡ್ ಏನಾದರೂ ತೋರಿಸಲಿ. ದುಡ್ಡಿಗೆ ಪ್ರತಿಯಾಗಿ ವೇದಿಕೆ ಇಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು. ಹಾಗಿದ್ದರೆ ಊಟ ಆಗುವುದಿಲ್ಲ, ಚಹಾ ಬಿಸ್ಕತ್ತು ಕೊಡಬಹುದು. ಅವರ ಇಂಜಿನಿಯರ್ ಒಬ್ಬರಿಂದ ಅರ್ಜಿಯೂ ಬಂದಿದೆ, ಚೆನ್ನಾಗಿದೆ.

ಈ ಸಲ ಊಟಕ್ಕೆ ತಲೆಗೆ ನೂರೈವತ್ತು ರೂಪಾಯಿ. ಹುಬ್ಬಳ್ಳಿಯ ಹುಡುಗಿಗೆ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು ಕೊಟ್ಟಿದ್ದೇವೆ. ಮಾಟುಂಗದ ಹಿರಿಯರಿಗೆ ಫೋನ್ ಮಾಡಿ, ಸಿಡಿಗಳನ್ನು ಮರೆಯದೆ ತನ್ನಿ ಎಂದಿದ್ದೇನೆ. ಸಿಡಿ ಓದುವ ಡ್ರೈವ್ ಯಾರ ಮನೆಯಲ್ಲಿದೆ ಎಂದು ಈಗ ಹುಡುಕುತ್ತಿದ್ದೇವೆ.