ಕೊಳವೆಯ ಎರಡೂ ತುದಿಯಲ್ಲಿ ಕೇಳದೆ ಉಳಿದ ಮಾತು

ಬೆಂಗಳೂರಿನ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ತಗ್ಗಿನಲ್ಲಿ, ಎಪ್ಪತ್ತು ಎಕರೆಗೂ ಮೀರಿದ ಜಾಗದಲ್ಲಿ, ಐ.ಟಿ. ಕಚೇರಿ, ವಸತಿ ಸಮುಚ್ಚಯ, ಹೋಟೆಲು, ಮಾಲುಗಳನ್ನು ಒಂದೇ ಆವರಣದೊಳಗೆ ಎಬ್ಬಿಸುವ ‘ಮಿಶ್ರ ಬಳಕೆ’ಯ ಯೋಜನೆಯೊಂದು ರೂಪುಗೊಂಡಿತ್ತು. ಅದರ ವಿರುದ್ಧ ಅಲ್ಲಿನ ನಾಗರಿಕರು ವರ್ಷಗಟ್ಟಲೆ ಹೋರಾಡಿದರು. ಆ ಹೋರಾಟದ ಪ್ರಸ್ತಾಪವನ್ನು ಮಲೆನಾಡಿನಲ್ಲಿ ಎತ್ತಿದರೆ ಬರುವ ಉತ್ತರ ಒಂದೇ: “ಅದು ಪೇಟೆಯವರ ಜಗಳ, ಕೆರೆ ನುಂಗಿದವರೂ ಅವರೇ, ಕೆರೆಗಾಗಿ ಅಳುವವರೂ ಅವರೇ, ನಮಗೇನು?” ನಮ್ಮ ಸಂಗಾತಿಗಳ ಬಾಯಲ್ಲೂ ಈ ಮಾತನ್ನು ಕೇಳಿದ್ದೇವೆ. ಇದು ಪೂರ್ಣ ಸುಳ್ಳಲ್ಲವಾದರೂ ಅಪಾಯಕಾರಿಯಾದ ಮಾತು.

ಬೆಂಗಳೂರಿಗೆ ದೊಡ್ಡ ಹೊಳೆಯಿಲ್ಲ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುವಂತೆ ಹಿಂದಿನವರು ಕೆರೆಗಳನ್ನು ಸರಪಣಿಯಾಗಿ ಕಟ್ಟಿದ್ದರು. ಅಗರದ ನೀರು ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಸೇರಿ ತಮಿಳುನಾಡಿಗೆ ಹರಿಯುತ್ತದೆ. ಎರಡು ಕೆರೆಗಳ ನಡುವಿನ ಜೌಗುನೆಲವು ಕಂದಾಯ ದಾಖಲೆಯ ಕಣ್ಣಿಗೆ ಖಾಲಿ ಜಾಗ. ನೀರಿನ ಕಣ್ಣಿಗೆ ಅದು ದಾರಿ. ಮಳೆಗಾಲದಲ್ಲಿ ಹೆಚ್ಚಿದ ನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಬಿಡುವುದು ಅದರ ಕೆಲಸ. ನಮ್ಮ ಗದ್ದೆಬಯಲುಗಳೂ ಹಡ್ಡಲುಗಳೂ ಮಾಡುವ ಕೆಲಸವೇ ಅದು. ಅಲ್ಲಿ ಮಣ್ಣು ತುಂಬಿಸಿ ಕಾಂಕ್ರೀಟು ಸುರಿದರೆ ಏನಾಗುತ್ತದೆಂದು ಅರಿಯಲು ಇಂಜಿನಿಯರಿಂಗ್ ಓದಬೇಕಿಲ್ಲ. 2017ರಲ್ಲಿಯೂ 2018ರಲ್ಲಿಯೂ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದುದನ್ನು, ಅದರ ನೊರೆ ರಸ್ತೆಗೆ ಹಾರಿದುದನ್ನು ದೇಶವೇ ನೋಡಿತು. 2022ರ ಸೆಪ್ಟೆಂಬರಿನಲ್ಲಿ ಅದೇ ಕಣಿವೆಯ ಹೊರವರ್ತುಲ ರಸ್ತೆಯಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳು ಟ್ರ್ಯಾಕ್ಟರ್ ಏರಿ ಕೆಲಸಕ್ಕೆ ಹೋದರು. ಇವೆಲ್ಲಕ್ಕೂ ಒಂದು ಯೋಜನೆಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಇಡೀ ಕಣಿವೆಯನ್ನು ತುಂಡುತುಂಡಾಗಿ ತುಂಬಿದ ಫಲ ಅದು.

ಈ ಜಮೀನನ್ನು ಸ್ವಾಧೀನಪಡಿಸಿಕೊಂಡು ಕಂಪನಿಗಳಿಗೆ ಕೊಟ್ಟದ್ದು ಸರ್ಕಾರದ್ದೇ ಆದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ. ಪರಿಸರ ಅನುಮತಿ ಬಂದದ್ದು 2012ರಲ್ಲಿ. ಹೀಗೆ ಕಾಗದದ ಕೆಲಸವೆಲ್ಲ ಮುಗಿದ ಮೇಲೆಯೇ ಜನರ ದನಿ ಕೇಳಿಸಿದ್ದು. ಫಾರ್ವರ್ಡ್ ಫೌಂಡೇಶನ್ ಮತ್ತಿತರರು 2014ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆಹೋದರು. ಅನುಮತಿ ಕೈಸೇರುವ ಮೊದಲೇ ಕೆಲಸ ಆರಂಭವಾಗಿತ್ತೆಂದು ಕಂಡುಕೊಂಡ ನ್ಯಾಯಮಂಡಳಿ, 2015ರ ಮೇ 7ರಂದು ಎರಡು ಕಂಪನಿಗಳಿಗೆ ಕ್ರಮವಾಗಿ 117.35 ಕೋಟಿ ಮತ್ತು 22.5 ಕೋಟಿ ರೂಪಾಯಿ ದಂಡ ವಿಧಿಸಿತು. ಆ ವ್ಯಾಜ್ಯ ಕೂಡಲೇ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಮರುವರ್ಷ ಮೇ 4ರಂದು ನ್ಯಾಯಮಂಡಳಿ ಇನ್ನೂ ದೊಡ್ಡ ಹೆಜ್ಜೆಯಿಟ್ಟಿತು. ಬೆಂಗಳೂರಿನ ಎಲ್ಲ ಕೆರೆಗಳ ಸುತ್ತ 75 ಮೀಟರು, ರಾಜಕಾಲುವೆಗಳ ಅಂಚಿನಿಂದ ದರ್ಜೆಗೆ ತಕ್ಕಂತೆ 50, 35 ಮತ್ತು 25 ಮೀಟರು ಜಾಗವನ್ನು ಕಟ್ಟಡವಿಲ್ಲದೆ ಬಿಡಬೇಕೆಂದು ಆದೇಶಿಸಿತು. ನಗರದ ಮಹಾಯೋಜನೆಯಲ್ಲಿ ಕೆರೆಗೆ ಇದ್ದ ಅಂತರ ಬರಿಯ 30 ಮೀಟರು.

2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಆ ಸಾರ್ವತ್ರಿಕ ಅಂತರವನ್ನು ರದ್ದುಮಾಡಿತು. ಶಾಸನಬದ್ಧವಾದ ಮಹಾಯೋಜನೆಯನ್ನು ತಿದ್ದುವ ಅಧಿಕಾರ ನ್ಯಾಯಮಂಡಳಿಗಿಲ್ಲ ಎಂಬುದು ಕಾರಣ. ಕಾನೂನಿನ ಲೆಕ್ಕದಲ್ಲಿ ಅದು ಸರಿಯೇ ಇರಬಹುದು. ಆ ವಾದಕ್ಕೆ ನಾವು ಇಳಿಯುವುದಿಲ್ಲ. ನಾವು ಕೇಳುವುದು ಅದಕ್ಕಿಂತ ಹಿಂದಿನ ಪ್ರಶ್ನೆ. ಇಷ್ಟು ದೊಡ್ಡ ಯೋಜನೆಯ ಬಗ್ಗೆ ಜನಾಭಿಪ್ರಾಯ ವ್ಯಕ್ತವಾಗಲು ನ್ಯಾಯಾಲಯವೇ ಏಕೆ ಬೇಕಾಯಿತು? ಕಟ್ಟುವ ಮೊದಲೇ ಅದನ್ನು ಕೇಳುವ ವೇದಿಕೆ ಇರಲಿಲ್ಲವೆ?

ಇರಲಿಲ್ಲ. ವಿದ್ಯಾರ್ಥಿ ಮಿತ್ರರು ಈ ಅಂಶವನ್ನು ದಯವಿಟ್ಟು ಗುರುತುಹಾಕಿಕೊಳ್ಳಬೇಕು. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. ಆದರೆ ಅದೇ ಅಧಿಸೂಚನೆಯ ಏಳನೆಯ ಕಂಡಿಕೆಯು ಕಟ್ಟಡ, ಪ್ರದೇಶಾಭಿವೃದ್ಧಿ ಮತ್ತು ಟೌನ್‌ಶಿಪ್ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿದೆ. ಅಣೆಕಟ್ಟಿಗೆ, ದೊಡ್ಡ ಗಣಿಗೆ ಮೂವತ್ತು ದಿನಗಳ ಸೂಚನೆ ಕೊಟ್ಟು, ಸ್ಥಳದಲ್ಲಿಯೇ ಅಹವಾಲು ಸಭೆ ಸೇರಿಸಿ, ಸ್ಥಳೀಯ ಭಾಷೆಯಲ್ಲಿ ಸಾರಾಂಶ ಒದಗಿಸಿ, ನಡಾವಳಿಯನ್ನು ವೀಡಿಯೋ ಚಿತ್ರಿಸಬೇಕು. ಸಾವಿರಾರು ಜನರು ವಾಸಿಸುವ, ನೀರು ಕುಡಿಯುವ, ಕೊಳಚೆ ಹೊರಬಿಡುವ ಸಮುಚ್ಚಯಕ್ಕೆ ಇದೊಂದೂ ಬೇಕಿಲ್ಲ.

ಅಹವಾಲು ಸಭೆಗಳು ನಾಟಕವಲ್ಲವೆ ಎಂದು ಕೇಳುವವರಿದ್ದಾರೆ. ಬಹುಪಾಲು ನಾಟಕವೇ, ಅದನ್ನು ನಾವು ಕಂಡಿದ್ದೇವೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ಅಹವಾಲು ಸಭೆಗಳಲ್ಲಿ ಕಣಿವೆಯ ಜನ ಎದ್ದುನಿಂತು ಆಡಿದ ಮಾತು ಸರ್ಕಾರದ ಕಡತದೊಳಗೆ ಸೇರಿದೆ. ಬೇಡವೆಂದವರೇ ಇರಲಿಲ್ಲ ಎಂದು ನಾಳೆ ಯಾರೂ ಹೇಳಲಾರರು. ಬೆಳ್ಳಂದೂರಿನ ನಿವಾಸಿಗೆ ಅಷ್ಟೂ ದಕ್ಕಲಿಲ್ಲ.

ಇನ್ನು “ನಮಗೇನು?” ಎಂಬ ಪ್ರಶ್ನೆ. ಆ ಸಮುಚ್ಚಯಗಳ ನಲ್ಲಿಗೆ ಬರುವ ನೀರು ಎಲ್ಲಿಯದು? ಕೊಡಗಿನ ಮಳೆ ತುಂಬಿದ ಕಾವೇರಿಯನ್ನು ಸುಮಾರು ನೂರು ಕಿಲೋಮೀಟರು ದೂರದಿಂದ, ಐದುನೂರು ಮೀಟರಿನಷ್ಟು ಮೇಲಕ್ಕೆ ಪಂಪುಮಾಡಿ ಅಲ್ಲಿಗೆ ಒಯ್ಯುತ್ತಾರೆ. 2024ರ ಅಕ್ಟೋಬರಿನಲ್ಲಿ ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರು ಸೇರ್ಪಡೆಯಾಯಿತು. ಅದೂ ಸಾಲದೆಂಬಂತೆ ಲಿಂಗನಮಕ್ಕಿಯ ನೀರನ್ನು ರಾಜಧಾನಿಗೆ ತರುವ ಪ್ರಸ್ತಾಪ 2019ರಲ್ಲಿ ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆದುದು ನೆನಪಿದೆ. 1964ರಲ್ಲಿ ಆ ಅಣೆಕಟ್ಟಿಗಾಗಿ ಮನೆಮಠ ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಅಲೆದಾಡುತ್ತಿದ್ದಾಗಲೇ ಆ ಪ್ರಸ್ತಾಪ ಬಂದಿತ್ತು.

ಸಕಲೇಶಪುರದ ಎತ್ತಿನಹೊಳೆಯ ಕತೆಯನ್ನು ಇದರ ಪಕ್ಕಕ್ಕಿಟ್ಟು ನೋಡಿ. ಘಟ್ಟದ ಕಾಡಿನ ನಡುವೆ 24 ಟಿ.ಎಂ.ಸಿ. ನೀರು ತಿರುಗಿಸುವ ಆ ಕಾಮಗಾರಿ ‘ಕುಡಿಯುವ ನೀರಿನ ಯೋಜನೆ’ ಎಂಬ ಹೆಸರು ಹೊತ್ತುದರಿಂದ, 2006ರ ಅಧಿಸೂಚನೆ ಅದಕ್ಕೆ ಅನ್ವಯಿಸುವುದಿಲ್ಲವೆಂದಾಯಿತು. ಅನುಮತಿಯೇ ಬೇಡವಾದ ಮೇಲೆ ಅಹವಾಲು ಸಭೆ ಎಲ್ಲಿಯದು? 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾಯಿತು. ನೀರು ಹೊರಡುವ ತುದಿಯಲ್ಲಿ ನಮ್ಮನ್ನು ಕೇಳಬೇಕಿಲ್ಲ, ಏಕೆಂದರೆ ಅದು ಕುಡಿಯುವ ನೀರು. ನಗರದ ತುದಿಯಲ್ಲಿ ಅವರನ್ನು ಕೇಳಬೇಕಿಲ್ಲ, ಏಕೆಂದರೆ ಅದು ಕಟ್ಟಡ. ಅಷ್ಟು ಜನರಿಗೆ ನೀರೆಲ್ಲಿಂದ ಎಂಬ ಪ್ರಶ್ನೆಯನ್ನು ಕಟ್ಟಡಕ್ಕೆ ಮುನ್ನ ಸಾರ್ವಜನಿಕವಾಗಿ ಕೇಳಿದ್ದರೆ, ಉತ್ತರ ಹುಡುಕಿಕೊಂಡು ಘಟ್ಟ ಹತ್ತುವ ಪ್ರಮೇಯ ಇಷ್ಟು ಸಲೀಸಾಗುತ್ತಿರಲಿಲ್ಲ.

ನಗರದ ಹೋರಾಟಗಾರರೆಲ್ಲ ಶುದ್ಧಹಸ್ತರೆಂದು ನಾವು ನಂಬಿಲ್ಲ. 2016ರ ಆದೇಶ ಬಂದಾಗ ನಿದ್ದೆಗೆಟ್ಟವರಲ್ಲಿ ಬಿಲ್ಡರುಗಳಷ್ಟೇ ಅಲ್ಲ, ಸಾಲಮಾಡಿ ಕೆರೆಯಂಚಿನಲ್ಲಿ ಫ್ಲಾಟು ಕೊಂಡ ಮಧ್ಯಮವರ್ಗದವರೂ ಇದ್ದರು. ತಾನು ಒಳಗೆ ಬಂದ ಮೇಲೆ ಬಾಗಿಲು ಹಾಕಿಕೊಳ್ಳುವ ಬುದ್ಧಿ ಮನುಷ್ಯನದು. ನಮ್ಮಲ್ಲೂ ಹೊಳೆದಂಡೆ ಒತ್ತಿ ಅಡಿಕೆ ಹಾಕಿದವರು ಅಣೆಕಟ್ಟಿನ ವಿರುದ್ಧ ಭಾಷಣ ಮಾಡಿದ್ದಾರೆ. ಅದರಿಂದ ಅಣೆಕಟ್ಟು ಸರಿಯಾಗುವುದಿಲ್ಲ. ಉದ್ಯೋಗದ ವಾದವೂ ಇದೆ. ನಮ್ಮ ಊರುಗಳ ಹುಡುಗ ಹುಡುಗಿಯರು ಅಂಥ ಕಟ್ಟಡಗಳಲ್ಲಿಯೇ ದುಡಿದು ಮನೆಗೆ ಹಣ ಕಳಿಸುತ್ತಾರೆ. ಕಚೇರಿ ಬೇಡವೆಂದು ಯಾರೂ ಹೇಳಿಲ್ಲ. ನೀರಿನ ದಾರಿಯ ಮೇಲೆ ಬೇಡ ಎಂದಷ್ಟೇ ಹೇಳಿದ್ದು. ಆ ಮಕ್ಕಳೇ ತಿಂಗಳ ಬಾಡಿಗೆಯ ಜೊತೆಗೆ ಟ್ಯಾಂಕರಿಗೂ ದುಡ್ಡು ತೆರುತ್ತಿದ್ದಾರೆ.

2020ರಲ್ಲಿ ಅಧಿಸೂಚನೆಯ ಹೊಸ ಕರಡು ಬಂದಾಗ ಅದು ಕನ್ನಡದಲ್ಲಿರಲಿಲ್ಲ. ಅಹವಾಲಿನ ಅವಧಿಯನ್ನು ಮೂವತ್ತರಿಂದ ಇಪ್ಪತ್ತು ದಿನಕ್ಕಿಳಿಸುವ ಪ್ರಸ್ತಾಪವಂತೂ ಅದರಲ್ಲಿತ್ತು. ದೇಶದಾದ್ಯಂತ ಲಕ್ಷಾಂತರ ಆಕ್ಷೇಪಣೆಗಳು ಹೋದವು. ಮತ್ತೊಂದು ಕರಡು ಬರುವವರೆಗೆ ಕಾಯುವುದು ಬೇಡ. ಮುಂದಿನ ಗ್ರಾಮಸಭೆಯಲ್ಲಿ ಎರಡು ಸಾಲಿನ ನಿರ್ಣಯ ಮಂಡಿಸಿ: ದೊಡ್ಡ ಕಟ್ಟಡ ಯೋಜನೆಗಳಿಗೆ ಕೊಟ್ಟಿರುವ ವಿನಾಯಿತಿ ರದ್ದಾಗಬೇಕು, ನೀರು ಹೊರಡುವ ಊರಿನಲ್ಲಿಯೂ ನೀರು ತಲುಪುವ ಊರಿನಲ್ಲಿಯೂ ಅಹವಾಲು ಸಭೆ ನಡೆಯಬೇಕು. ನಿರ್ಣಯದ ಪ್ರತಿಯನ್ನು ಕೇಂದ್ರ ಪರಿಸರ ಮಂತ್ರಾಲಯಕ್ಕೂ ಜಿಲ್ಲಾಧಿಕಾರಿಗಳಿಗೂ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ. ಇನ್ನೊಂದು ಪ್ರತಿಯನ್ನು ಬೆಂಗಳೂರಿನ ಕೆರೆ ಸಮಿತಿಗಳಿಗೆ ಕಳುಹಿಸಲು ಮರೆಯಬೇಡಿ. ಅವರು ನಮ್ಮಿಂದ ಕಾಗದ ಬಂದೀತೆಂದು ನಿರೀಕ್ಷಿಸಿರುವುದಿಲ್ಲ.