ಬೆಸುಗೆಯೊಳಗಿನ ಕಾಣದ ಹೊರೆ

ಕಬ್ಬಿನ ಹಂಗಾಮಿಗೆ ಮುನ್ನ ಶಿರಗುಪ್ಪಿ, ಉಗಾರ, ಕಾಗವಾಡ ಭಾಗದಲ್ಲಿ ಟ್ರೇಲರ್‌ಗಳ ದುರಸ್ತಿಗೆ ಬೇಡಿಕೆ ಹೆಚ್ಚುವುದು ಸಹಜ. ಚಾಸಿಯು ಬೆಸುಗೆಯ ಅಂಚಿನಲ್ಲಿಯೇ ಬಿರುಕು ಬಿಟ್ಟಾಗ ದೋಷವನ್ನು ಅತಿಭಾರದ ಮೇಲೆ, ಇಲ್ಲವೇ ರಸ್ತೆಯ ಮೇಲೆ ಹೊರಿಸಲಾಗುತ್ತದೆ. ಅವೆರಡೂ ಸುಳ್ಳಲ್ಲ. ಆದರೆ ಒಂದು ಜಲ್ಲೆ ಕಬ್ಬನ್ನೂ ಹೇರುವ ಮೊದಲೇ ಆ ಜೋಡಣೆಯೊಳಗೆ ಸೇರಿಕೊಂಡಿರುವ ಹೊರೆಯೊಂದಿದೆ. ತಂತ್ರಜ್ಞರು ಅದನ್ನು ಉಳಿಕೆ ಒತ್ತಡವೆನ್ನುತ್ತಾರೆ.

ಕರಗಿದ ಲೋಹ ತಣಿಯುವಾಗ ಕುಗ್ಗಲೆತ್ನಿಸುತ್ತದೆ. ಸುತ್ತಲಿನ ತಣ್ಣನೆಯ ಉಕ್ಕು ಅದಕ್ಕೆ ಆಸ್ಪದ ಕೊಡುವುದಿಲ್ಲ. ಒಂದು ಮೀಟರ್ ಉಕ್ಕು 100 ಡಿಗ್ರಿ ಸೆಲ್ಸಿಯಸ್ ತಣಿದರೆ ಸುಮಾರು 1.2 ಮಿ.ಮೀ. ಕುಗ್ಗುತ್ತದೆ. ಅದನ್ನು ಪೂರ್ತಿ ತಡೆದು ಹಿಡಿದರೆ ಹುಟ್ಟುವ ಎಳೆತ ಚದರ ಮಿ.ಮೀ.ಗೆ ಸುಮಾರು 240 ನ್ಯೂಟನ್. ಪೇಟೆಯಲ್ಲಿ ಸಿಗುವ ಐಎಸ್ 2062ರ ಇ250 ದರ್ಜೆಯ ಉಕ್ಕು ಮಣಿಯುವುದೇ 250ರ ಆಸುಪಾಸಿನಲ್ಲಿ. ಬೆಸುಗೆಯ ಲೋಹವಾದರೋ ಸುಮಾರು 1,500 ಡಿಗ್ರಿಯಿಂದ ತಣಿದು ಬಂದಿರುವಂಥದು! ಆದ್ದರಿಂದ ಬೆಸುಗೆಯ ಬಳಿ ಎಳೆತವು ಮಣಿಯುವ ಮಿತಿಯನ್ನೇ ಮುಟ್ಟಿರುವುದು ಅಪರೂಪವಲ್ಲ. ದೂರದ ಭಾಗಗಳಲ್ಲಿ ಅದಕ್ಕೆ ಸರಿಸಮನಾದ ಒತ್ತು ಇರುತ್ತದೆ. ತೇರೀಜು ತಾಳೆಯಾದ ಮಾತ್ರಕ್ಕೆ ವ್ಯಾಪಾರ ಲಾಭದಲ್ಲಿದೆ ಎನ್ನಲಾಗದಂತೆ, ಇಲ್ಲಿಯೂ ಒಟ್ಟು ಮೊತ್ತ ಶೂನ್ಯವಾಗಿರುವುದು ಸಮಾಧಾನದ ವಿಷಯವಲ್ಲ. 1938ರಲ್ಲಿ ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ಬೆಸುಗೆಯ ಸೇತುವೆ ಕುಸಿದುದಕ್ಕೆ ಉಕ್ಕಿನ ಗುಣಮಟ್ಟದೊಡನೆ ಈ ಒತ್ತಡವನ್ನೂ ಪರಿಣತರು ಕಾರಣವಾಗಿ ಎಣಿಸಿದ್ದಾರೆ.

ಇದನ್ನು ಮೊದಲೇ ಅಂದಾಜಿಸಲು ಗಣಕಯಂತ್ರದ ವಿಧಾನಗಳಿವೆ. ರಂಧ್ರ ಕೊರೆದು, ಕ್ಷ-ಕಿರಣ ಹಾಯಿಸಿ ಅಳೆಯುವ ಕ್ರಮವೂ ಇದೆ. ಸಣ್ಣ ಕಾರ್ಖಾನೆಗೆ ಇವು ದುಬಾರಿ. ಆದರೆ ಐಎಸ್ 800ರ 2007ರ ಆವೃತ್ತಿಯು ಬೆಸುಗೆಯಿಂದ ರಚಿಸಿದ ಕಂಬಗಳಿಗೂ ರೋಲ್ ಮಾಡಿದ ಕಂಬಗಳಿಗೂ ಬೇರೆ ಬೇರೆ ವರ್ಗಗಳನ್ನು ಗೊತ್ತುಪಡಿಸಿ, ಈ ಅಂದಾಜನ್ನು ಭಾಗಶಃ ಸಿದ್ಧವಾಗಿಯೇ ಒದಗಿಸಿದೆ. ಶೆಡ್ಡು ಕಟ್ಟುವವರು ಅದನ್ನು ತೆರೆದು ನೋಡುವುದು ಅವಶ್ಯ.

ಇನ್ನೊಂದು ಲೆಕ್ಕಕ್ಕಂತೂ ಯಾವ ಯಂತ್ರವೂ ಬೇಡ. 6 ಮಿ.ಮೀ. ಮೂಲೆಬೆಸುಗೆ ಸಾಕಾಗುವಲ್ಲಿ "ಭದ್ರವಾಗಿರಲಿ" ಎಂದು 8 ಮಿ.ಮೀ. ಹಾಕಿದರೆ ತುಂಬುವ ಲೋಹ ಶೇ. 78ರಷ್ಟು ಹೆಚ್ಚುತ್ತದೆ. ರಾಡು, ವಿದ್ಯುತ್, ಕೂಲಿ ಅದರ ಜೊತೆಗೇ ಏರುತ್ತವೆ. ಶಾಖವೂ ಹೆಚ್ಚಿ ಪಟ್ಟಿ ಸೊಟ್ಟಗಾಗುತ್ತದೆ. ಅದನ್ನು ಗ್ಯಾಸಿನಿಂದ ಕಾಯಿಸಿ ನೆಟ್ಟಗೆ ಮಾಡುವ ಖರ್ಚು ಬಹುತೇಕ ಪುಸ್ತಕಗಳಲ್ಲಿ ಕೂಲಿಯ ಖಾತೆಯೊಳಗೆ ಕರಗಿಹೋಗುತ್ತದೆ. ಈ ಮರುಕೆಲಸಕ್ಕೆ ಪ್ರತ್ಯೇಕ ಖಾತೆಯನ್ನು ಒಂದು ವರ್ಷ ತೆರೆದಿಟ್ಟರೆ ಮಾಲೀಕನಿಗೆ ಆಶ್ಚರ್ಯ ಕಾದಿರುತ್ತದೆ.

ಇಷ್ಟಾದರೂ ರೂಢಿ ಬದಲಾಗದಿರುವುದಕ್ಕೆ ದರದ ಪದ್ಧತಿಯೂ ಕಾರಣ. ಕಿಲೋ ಲೆಕ್ಕದಲ್ಲಿ ಗುತ್ತಿಗೆ ಕೊಡುವ ಗಿರಾಕಿ ತೂಕವನ್ನು ಕೊಳ್ಳುತ್ತಾನೆಯೇ ಹೊರತು ಬೆಸುಗೆಯ ಕ್ರಮವನ್ನಲ್ಲ. ನಡುವಿನಿಂದ ಅಂಚಿಗೆ, ತುಂಡು ತುಂಡಾಗಿ ಬೆಸೆಯುತ್ತ ಸಾಗುವ ಎಚ್ಚರಿಕೆಯ ಕೆಲಸಗಾರನಿಗೆ ಈ ಪದ್ಧತಿಯಲ್ಲಿ ನಷ್ಟವೇ. ಖರೀದಿ ಆದೇಶದಲ್ಲಿಯೇ ಬೆಸುಗೆಯ ಅಳತೆ ಮತ್ತು ಕ್ರಮವನ್ನು ನಮೂದಿಸುವಂತೆ ವ್ಯಾಪಾರಿ ಸಂಘಗಳು ಮಾದರಿ ಕರಾರೊಂದನ್ನು ಸಿದ್ಧಪಡಿಸಬೇಕು. ಅದರ ತಾಂತ್ರಿಕ ಭಾಗಕ್ಕೆ ಸಾಂಗಲಿಯ ವಾಲ್‌ಚಂದ್ ಎಂಜಿನಿಯರಿಂಗ್ ಕಾಲೇಜನ್ನಾಗಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯವನ್ನಾಗಲಿ ಕೇಳಬಹುದು. ಶಿರಗುಪ್ಪಿಯವರಿಗೆ ಇವುಗಳಲ್ಲಿ ಸಾಂಗಲಿಯೇ ಹತ್ತಿರ.